ಲಾರಿ ಎಷ್ಟು ಗಂಟೆಗೆ ಬಂತು?

ಸುನಿಲ್ ಕುಮಾರ್ ದೇಸಾಯಿಯವರ ‘ತರ್ಕ’ ಬಂದಾಗ, ಅಂದರೆ 1989ರಲ್ಲಿ, ನಾನು ಶಿವಮೊಗ್ಗದಲ್ಲಿ ಕಾಲೇಜು ಓದುತ್ತಿದ್ದೆ. ಹಾಡೇ ಇಲ್ಲದ ಸಿನಿಮಾ ಅಂತೆ, ಅದೇನು ನೋಡೇಬಿಡೋಣ ಅಂತ ನಾಲ್ಕು ಜನ ಗೆಳತಿಯರು ಮ್ಯಾಟಿನಿಗೆ ಹೋದೆವು. ನಾನು ಹೋಗಿದ್ದು ಶಂಕರ್ ನಾಗ್ ಸಲುವಾಗಿ. ಹೆದರಿದ್ದು ಮಾತ್ರ ದೇವರಾಜ್‌ನ ನೋಡಿ. ಹೆಂಡತಿಯ ಮೇಲೆ ಅನುಮಾನಪಡುವ ಗಂಡ. ಕೊಲೆ ಯಾರು ಮಾಡಿದರು ಅನ್ನುವ ಕುತೂಹಲಕ್ಕಿಂತ, ಬಾಗಿಲು ಹಾಕಿದ ಮನೆಯೊಳಗೆ ಇಂಥವನ ಜೊತೆ ಒಬ್ಬಳು ದಿನಾ ಹೇಗೆ ಇರುತ್ತಾಳೆ ಅನ್ನೋದೇ ನನ್ನನ್ನು ಕಾಡಿತು. ಅಗಾಥಾ ಕ್ರಿಸ್ಟಿಯ ‘ದಿ ಅನೆಕ್ಸ್‌ಪೆಕ್ಟೆಡ್ ಗೆಸ್ಟ್’ ನಾಟಕದ ಎಳೆ ಅದರಲ್ಲಿದೆ, ಬಿ.ಆರ್. ಚೋಪ್ರಾ 1973ರಲ್ಲೇ ಅದನ್ನು ‘ಧುಂದ್’ ಮಾಡಿದ್ದರು ಅಂತೆಲ್ಲ ಗೊತ್ತಾಗಿದ್ದು ಆಮೇಲೆ.

2000ದಲ್ಲಿ ನಮ್ಮವರಿಗೆ ಚೆನ್ನೈಗೆ ವರ್ಗವಾಯಿತು. ವೆಸ್ಟ್ ಮಾಂಬಲಂನಲ್ಲಿ ಒಂದು ಹಳೇ ಮನೆ. ಮೇಲೆ ಓನರ್ ಮಾಮ, ಮಾಮಿ. ಕೆಳಗೆ ಎರಡು ‘ಪೋರ್ಷನ್’, ಒಂದರಲ್ಲಿ ನಾವು. ಪಕ್ಕದ್ದರಲ್ಲಿ ಗಂಡ ಹೆಂಡತಿ ಇಬ್ಬರೇ. ಅವಳಿಗೆ ಇಪ್ಪತ್ತೈದರ ಆಸುಪಾಸು. ನನ್ನನ್ನು ‘ಅಕ್ಕಾ’ ಅನ್ನೋಳು. ನನಗೆ ತಮಿಳು ಕಲಿಸಿದವಳೂ ಅವಳೇ. ಕೊಡಂ ಅಂದರೆ ನಮ್ಮ ಕೊಡವೇ, ತಣ್ಣಿ ಅಂದರೆ ನೀರು. ಆ ಊರಲ್ಲಿ ಮೊದಲು ಕಲಿಯಬೇಕಾದ್ದು ಇವೆರಡೇ.

ಇಬ್ಬರ ಮನೆಗೂ ನಡುವೆ ಒಂದೇ ಗೋಡೆ. ರಾತ್ರಿ ಆ ಕಡೆಯಿಂದ ಗಂಡಸಿನ ದನಿ ಕೇಳೋದು. ಮೆಲ್ಲಗೆ, ಏರಿಳಿತವಿಲ್ಲದೆ, ಗಂಟೆಗಟ್ಟಲೆ. ಮಧ್ಯೆ ಮಧ್ಯೆ ಅವಳದ್ದು ಒಂದೊಂದು ಮಾತು. ನನಗೆ ಭಾಷೆ ಬರುತ್ತಿರಲಿಲ್ಲವಲ್ಲ, ದನಿ ಮಾತ್ರ ಕೇಳಿ ನಮ್ಮವರಿಗೆ ಹೇಳಿದ್ದೆ: “ನೋಡಿ, ಪಕ್ಕದ ಮನೆಯವರು ಹೆಂಡತಿ ಹತ್ರ ಎಷ್ಟು ಹೊತ್ತು ಮಾತಾಡ್ತಾರೆ. ನೀವೂ ಇದ್ದೀರ.” ಈಗ ನೆನೆಸಿಕೊಂಡರೆ ಮೈ ಜುಮ್ಮೆನ್ನುತ್ತದೆ.

2003ರ ಚೆನ್ನೈ ನೀರಿನ ಬರ ಅನುಭವಿಸಿದವರಿಗೇ ಗೊತ್ತು. ನಲ್ಲಿ ಬತ್ತಿಹೋಗಿ ಮೆಟ್ರೋ ವಾಟರ್ ಲಾರಿಯೇ ಗತಿ. ಅದು ಬೆಳಿಗ್ಗೆ ನಾಲ್ಕಕ್ಕೆ ಬಂದರೂ ಬಂತು, ಒಂಬತ್ತಕ್ಕೆ ಬಂದರೂ ಬಂತು. ಬೀದಿಯುದ್ದಕ್ಕೂ ಪ್ಲಾಸ್ಟಿಕ್ ಕೊಡಗಳ ಸಾಲು. “ನಿಮ್ಮೋರು ಕಾವೇರಿ ಬಿಟ್ಟಿದ್ರೆ ನಾವ್ಯಾಕೆ ಇಲ್ಲಿ ನಿಲ್ಲಬೇಕಿತ್ತು” ಅಂತ ನನ್ನ ಕಾಲೆಳೆಯೋರು. ನಾನೂ ನಗುತ್ತಿದ್ದೆ, ನಗದೆ ಇನ್ನೇನು ಮಾಡೋದು. ಪಕ್ಕದ ಮನೆಯವಳು ಮಾತ್ರ ನಗುತ್ತಿರಲಿಲ್ಲ. ಕೊಡ ತುಂಬಿದ್ದೇ ತಡ, ಓಡೋಳು. ನೀರು ತುಳುಕಿ ಸೀರೆಯೆಲ್ಲ ಒದ್ದೆಯಾದರೂ ಓಡೋಳು.

ಅದೇ ವರ್ಷ ಒಂದು ಭಾನುವಾರ ಮಾಮನ ಮನೆ ಟೀವಿಯಲ್ಲಿ ‘ಪುರಿಯಾದ ಪುದಿರ್’ ಹಾಕಿದ್ದರು. ಕೆ.ಎಸ್. ರವಿಕುಮಾರ್ 1990ರಲ್ಲಿ ಮಾಡಿದ ಮೊದಲ ಚಿತ್ರ. ಹತ್ತು ನಿಮಿಷ ನೋಡಿದ್ದೇ ನಾನು “ಅಯ್ಯೋ, ಇದು ನಮ್ಮ ತರ್ಕ!” ಅಂತ ಕೂಗಿದೆ. ಹೌದು, ನಮ್ಮದರದ್ದೇ ರೀಮೇಕು. ಹೊರಗಿದ್ದವರಿಗೆ ಇಂಥ ಸಣ್ಣ ಹೆಮ್ಮೆಗಳು ಬೇಕಾಗುತ್ತವೆ. ನಮ್ಮದರಲ್ಲಿ ಹಾಡೂ ಇರಲಿಲ್ಲ ಗೊತ್ತಾ ಅಂತ ಜಂಬ ಕೊಚ್ಚಿದೆ. ಮಾಮ ಬಿಟ್ಟಾರೆಯೇ, “ನಮ್ಮ ‘ಅಂದ ನಾಳ್’ 1954ರಲ್ಲೇ ಹಾಡಿಲ್ಲದೆ ಬಂದಿತ್ತಮ್ಮಾ” ಅಂತ ನನ್ನ ಬಾಯಿ ಮುಚ್ಚಿಸಿದರು.

ಅಷ್ಟರಲ್ಲಿ ರಘುವರನ್ ಬಂದ. ದೇವರಾಜ್ ಮಾಡಿದ್ದ ಪಾತ್ರ. ತಮಿಳರು ಇವತ್ತಿಗೂ ನೆನೆಯುವ ದೃಶ್ಯ ಅದು. ಹೆಂಡತಿಯ ಎದುರು ನಿಂತು ‘ಐ ನೋ’ ಅನ್ನುತ್ತಾನೆ. ಅಷ್ಟೇ ಮಾತು. ಮತ್ತೆ ಅದನ್ನೇ ಅನ್ನುತ್ತಾನೆ, ಮತ್ತೆ ಮತ್ತೆ, ಒಂದೊಂದು ಸಲ ಒಂದೊಂದು ಥರ. ಕೋಪವಾಗಿ, ಗೇಲಿಯಾಗಿ, ತನ್ನಲ್ಲೇ ಹೇಳಿಕೊಂಡ ಹಾಗೆ. ಆ ಎರಡು ಪದಕ್ಕೆ ಅರ್ಥವೇ ಬೇಕಿಲ್ಲ, ದನಿಯೇ ಸಾಕು.

ಪಕ್ಕದಲ್ಲಿ ಕೂತಿದ್ದವಳು ಎದ್ದಳು. ಕೆಳಗೆ ಅವಳ ಮನೆಯ ಫೋನ್ ಹೊಡೆದುಕೊಳ್ಳುತ್ತಿತ್ತು. ಭಾನುವಾರವೂ ಗಂಡನಿಗೆ ಡ್ಯೂಟಿ. ಮೆಟ್ಟಿಲಿನ ಮೇಲೆ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಓಡಿದಳು. ಮತ್ತೆ ಬರಲಿಲ್ಲ.

ಆ ರಾತ್ರಿ ಗೋಡೆಯಾಚೆ ಅದೇ ಮೆಲುದನಿ. ಮೂರು ವರ್ಷವಾಗಿತ್ತಲ್ಲ, ಅಷ್ಟು ಹೊತ್ತಿಗೆ ನನಗೆ ತಮಿಳು ಬರುತ್ತಿತ್ತು. ಎಂಟು ಸಲ ಫೋನ್ ರಿಂಗಾಗುವವರೆಗೆ ಎಲ್ಲಿದ್ದೆ? ಯಾವ ಸಿನಿಮಾ? ಪಕ್ಕದಲ್ಲಿ ಯಾರು ಕೂತಿದ್ದರು? ಮಾಮ ಎಲ್ಲಿ ಕೂತಿದ್ದರು? ‘ಎವ್ವಳವು ನೇರಂ?’ ಎಷ್ಟು ಹೊತ್ತು? ಅವಳು ಉತ್ತರ ಕೊಟ್ಟ ಮೇಲೆ ಮತ್ತೆ ಮೊದಲಿಂದ. ಮೂರು ವರ್ಷ ನಾನು ಕೇಳಿದ್ದೆಲ್ಲ ಇದೇ.

ನಮ್ಮವರಿಗೆ ಹೇಳಿದೆ. “ಹೊಡೀತಾನಾ?” ಅಂದರು. ಇಲ್ಲ. “ಮತ್ತೇನಂತ ಹೇಳ್ತೀಯ? ನಾವು ಬಾಡಿಗೆಗಿರೋರು, ಅದೂ ಈ ಊರಿನವರಲ್ಲ.” ನನಗೂ ಹೌದೆನ್ನಿಸಿತು, ಅಥವಾ ಹೌದೆನ್ನಿಸಿಕೊಂಡೆ. ಮಾತಿನಲ್ಲಿ, ಮನಸ್ಸಿಗೆ ಕೊಡುವ ಹಿಂಸೆಯನ್ನೂ ಹಿಂಸೆ ಅಂತ ಒಪ್ಪಿದ ಕೌಟುಂಬಿಕ ದೌರ್ಜನ್ಯ ಕಾಯ್ದೆ ಬಂದದ್ದು 2005ರಲ್ಲಿ. ಅದಿದ್ದಿದ್ದರೆ ನಾನು ಏನು ಕಡಿದು ಕಟ್ಟೆ ಹಾಕುತ್ತಿದ್ದೆನೋ, ಬೇರೆ ಮಾತು.

ಮಾಡಿದ್ದು ಇಷ್ಟು. ನೀರಿಗೆ ಅವಳ ಜೊತೆಗೇ ಹೋಗಿ, ವಾಪಸು ಬರುವಾಗ ಅವಳ ಬಾಗಿಲಲ್ಲಿ ನಿಂತು ಜೋರಾಗಿ, “ಅಬ್ಬಾ, ಇವತ್ತು ಲಾರಿ ಎಷ್ಟು ಲೇಟು!” ಅಂತ ನನ್ನ ಅರೆಬರೆ ತಮಿಳಲ್ಲಿ ಕೂಗುತ್ತಿದ್ದೆ. ಅವಳು ನನ್ನ ಕಡೆ ನೋಡುತ್ತಿರಲಿಲ್ಲ. ಆದರೆ ಓಡುವುದು ಸ್ವಲ್ಪ ಕಡಿಮೆಯಾಯಿತು. ಸಾಲಿನಲ್ಲಿ ಒಂದೆರಡು ಸಲ ನಕ್ಕಿದ್ದೂ ಉಂಟು.

ಒಂದು ದಿನ ಗೇಟಿನ ಹತ್ತಿರ ಅವನೇ ಎದುರಾದ. ತುಂಬಾ ಮರ್ಯಾದಸ್ಥ ಮನುಷ್ಯ, ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ. ಅದೇ ದನಿಯಲ್ಲಿ ಕೇಳಿದ: “ಅಕ್ಕಾ, ಇವತ್ತು ಲಾರಿ ಎಷ್ಟು ಗಂಟೆಗೆ ಬಂತು?”

ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಅವನು ಮುಗುಳ್ನಗುತ್ತಾ ಕಾಯುತ್ತಿದ್ದ. ಶಿವಮೊಗ್ಗದ ಥಿಯೇಟರಿನಲ್ಲಿ ಗೆಳತಿಯ ಕೈ ಹಿಡಿದು ಕೂತಿದ್ದೆನಲ್ಲ, ಅದೇ ಹೆದರಿಕೆ. ಇಲ್ಲಿ ಹಿಡಿಯಲು ಕೈ ಇರಲಿಲ್ಲ.

“ಐದೂ ಮುಕ್ಕಾಲು” ಅಂದುಬಿಟ್ಟೆ. ನಿಜವಾದ ಹೊತ್ತು.

“ಥ್ಯಾಂಕ್ಸ್ ಅಕ್ಕಾ” ಅಂದ.

ಅವಳು ಮನೆಗೆ ಬಂದಿದ್ದು ಏಳಕ್ಕೆ. ನಡುವೆ ಸಾಲಿನಲ್ಲಿ ನಿಂತು ನನಗೆ ವತ್ತಕೊಳಂಬು ಮಾಡುವುದು ಹೇಗೆ ಅಂತ ಹೇಳಿಕೊಡುತ್ತಿದ್ದಳು. ಆ ರಾತ್ರಿ ನಾನು ಟೀವಿಯ ಸೌಂಡು ಜಾಸ್ತಿ ಮಾಡಿದೆ.

ಎರಡು ತಿಂಗಳ ನಂತರ ಅವರು ಮನೆ ಖಾಲಿ ಮಾಡಿದರು. ಹೋಗುವ ದಿನ ಅವಳು ನನ್ನ ಸ್ಟೀಲ್ ಡಬ್ಬಿ ವಾಪಸು ಕೊಡಲು ಬಂದಳು. ಒಳಗೆ ಒಣಗಿಸಿದ ಸುಂಡೆಕಾಯಿ ತುಂಬಿಸಿದ್ದಳು. ಯಾವ ಏರಿಯಾಕ್ಕೆ ಅಂತ ಕೇಳಿದೆ. ಅವಳು ಗೇಟಿನ ಕಡೆ ನೋಡಿದಳು. ಅಲ್ಲಿ ಅವನು ಕೈಗಡಿಯಾರ ನೋಡಿಕೊಳ್ಳುತ್ತಾ ಆಟೋದವನ ಜೊತೆ ನಿಂತಿದ್ದ.

“ಲೇಟಾಗತ್ತೆ ಅಕ್ಕಾ” ಅಂದು ಹೋದಳು.