ದೊಡ್ಡಪ್ಪನ ಎಡಗೈಗೊಂದು ಕ್ಯಾಮೆರಾ

ನಮ್ಮ ದೊಡ್ಡವ್ವ ಸತ್ತಾಗ ಮನೆಯಲ್ಲಿ ಅವಳದೊಂದು ಪಟ ಇರಲಿಲ್ಲ. ಇದ್ದದ್ದು ರೇಷನ್ ಕಾರ್ಡಿನ ಮೇಲಿನ ಹೆಬ್ಬೆರಳಗಾತ್ರದ ಮುಖ, ಅದರಲ್ಲೂ ಅರ್ಧ ನೆರಳು. ತಿಥಿಗೆ ಪಟ ಬೇಕಲ್ಲ ಅಂತ ಅದನ್ನೇ ಪೇಟೆಯ ಸ್ಟುಡಿಯೋಕ್ಕೆ ಕೊಂಡುಹೋದೆವು. ಸಂಜೆಯ ಹೊತ್ತಿಗೆ ದೊಡ್ಡದು ಮಾಡಿ, ಕಟ್ಟು ಹಾಕಿಸಿ ಕೊಟ್ಟರು. ದೊಡ್ಡವ್ವ ಬೆಳ್ಳಗಾಗಿದ್ದಳು. ಮೈಮೇಲೆ ಕಂಪ್ಯೂಟರಿನಲ್ಲಿ ಹೊದಿಸಿದ ಹಸಿರು ರೇಷ್ಮೆ ಸೀರೆ, ಕೊರಳಲ್ಲಿ ಎರಡೆಳೆ ಸರ. ಬದುಕಿದ್ದಷ್ಟು ಕಾಲ ಕಡಲೆಕಾಯಿ ಕೀಳುವ ಕೂಲಿಗೆ ಹೋಗಿ ಬೆನ್ನು ಬಾಗಿಸಿಕೊಂಡವಳು, ಸತ್ತ ಮೇಲೆ ಗೌಡರ ಮನೆಯ ಸೊಸೆಯಾಗಿ ಬಂದು ನಮ್ಮ ಗೋಡೆಯ ಮೇಲೆ ಬಾಬಾಸಾಹೇಬರ ಪಕ್ಕ ಕೂತಳು. ದೊಡ್ಡಪ್ಪ ಪಟವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿ ಕೇಳಿದ: “ಇವಳ್ಯಾರ ಮನೆ ಹೆಂಗಸ್ಲಾ?”

ಆಗ ಅವನಿಗೆ ಎರಡು ಕೈಯೂ ಇದ್ದವು, ಮಾತೂ ಇತ್ತು.

ಮರುವರ್ಷ ಸುಗ್ಗಿಯಲ್ಲಿ ಅವನಿಗೆ ಲಕ್ವ ಹೊಡೆಯಿತು. ಬೆಳಿಗ್ಗೆ ಬಿಂದಿಗೆ ಎತ್ತಲು ಹೋದ ಬಲಗೈ ಏಳಲೇ ಇಲ್ಲ. ಕೇರಿಯವರು ಪಾರಿವಾಳದ ರಕ್ತ ತಿಕ್ಕಿದರು, ನಾಟಿ ಔಷಧಿಯವನ ಹತ್ತಿರ ಒಯ್ದರು, ಅದಾದ ಮೇಲೆ ಆಸ್ಪತ್ರೆ. ಮಿದುಳಿನಲ್ಲಿ ಹೆಪ್ಪುಗಟ್ಟಿದ ರಕ್ತ ಕರಗಿಸುವ ಮದ್ದನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು ಅಂತ ನಮಗೆ ತಿಳಿದದ್ದು ರಾತ್ರಿ ಹತ್ತಕ್ಕೆ. ಓದುವ ಗೆಳೆಯರು ಇದೊಂದನ್ನು ತಮ್ಮ ಊರಲ್ಲಿ ನಾಲ್ಕು ಜನಕ್ಕೆ ಹೇಳಿದರೆ ಸಾಕು, ಈ ಬರಹದ ಉಳಿದದ್ದೆಲ್ಲ ಮರೆತರೂ ಚಿಂತೆಯಿಲ್ಲ. ಮಿದುಳಿನ ಎಡಗಡೆ ಪೆಟ್ಟಾದರೆ ಬಲಗೈ ಬಲಗಾಲಿನ ಜತೆ ಎಷ್ಟೋ ಜನಕ್ಕೆ ಮಾತೂ ಹೋಗುತ್ತದೆ. ದೊಡ್ಡಪ್ಪನಿಗೆ ಉಳಿದದ್ದು ‘ಹೂಂ’, ‘ಬ್ಯಾಡ’, ‘ಅದು’, ಮತ್ತು ಬೈಗುಳ. ಬೈಗುಳ ಮಾತ್ರ ಒಂದಕ್ಷರ ತೊದಲದೆ ಬರುತ್ತಿತ್ತು. ಇದು ಈ ಕಾಯಿಲೆಯಲ್ಲಿ ಕಾಣುವುದೇ ಅಂತ ಡಾಕ್ಟರು ಹೇಳಿದರು. ನಮಗೇನೋ ಅದು ದೊಡ್ಡಪ್ಪನ ಗುಣ ಅಂತಲೇ ಅನ್ನಿಸಿತು.

ಏಪ್ರಿಲ್ ಹದಿನಾಲ್ಕರ ದಿನ ತಾಲ್ಲೂಕಿನಿಂದ ಬಂದ ಗೆಳೆಯನೊಬ್ಬನ ಕೊರಳಲ್ಲಿ ಕ್ಯಾಮೆರಾ ಇತ್ತು. ಜಗಲಿಯ ಮೇಲೆ ಕೂತಿದ್ದ ದೊಡ್ಡಪ್ಪ ಎಡಗೈಯಲ್ಲಿ ಅದರ ಪಟ್ಟಿ ಹಿಡಿದುಕೊಂಡು ಬಿಡಲೇ ಇಲ್ಲ. “ಅದು” ಅಂದ. ಗೋಡೆಯ ದೊಡ್ಡವ್ವನ ಕಡೆ ಕೈ ತೋರಿಸಿ “ಬ್ಯಾಡ” ಅಂದ. ಕೇರಿಯಲ್ಲಿ ಕೂತವರನ್ನೆಲ್ಲ ಒಬ್ಬೊಬ್ಬರನ್ನೇ ತೋರಿಸುತ್ತ “ಅದು, ಅದು, ಅದು” ಅಂದ. ಎಲ್ಲರ ಫೋಟೋ ತೆಗೆಯಬೇಕಂತೆ ಅಂದುಕೊಂಡು ನಾವು ತೆಗೆಯಲು ಹೋದರೆ ಎಂಥದೋ ಬೈದ. ಅರ್ಥ ಮಾಡಿಕೊಂಡದ್ದು ಅವನ ಮಗಳು, ನಮ್ಮ ಅಕ್ಕ. “ನೀವಲ್ಲ ಕಣ್ರೋ. ಅವ್ನೇ ತೆಗೀಬೇಕಂತೆ.”

ಅಕ್ಕ ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಯುತ್ತಾಳೆ. ಸಂಬಳ ಬಂದ ದಿನ ಮೂರು ಸಾವಿರ ಕೊಟ್ಟಳು. ಆರಿಸಿ ತರುವ ಕೆಲಸ ನಮ್ಮ ತಲೆಗೆ ಬಿತ್ತು. ಕೇರಿಯಲ್ಲಿ ಮೊದಲು ಬಿ.ಎ. ಮಾಡಿದವರು, ಪದ್ಯ ಬರೆಯುವವರು ಬೇರೆ, ಇಷ್ಟು ತಿಳಿಯದೇ?

ತಿಳಿಯಲಿಲ್ಲ. ಮೊದಲು ಫೋನು ಕೊಟ್ಟು ನೋಡಿದೆವು, ಈಗ ಯಾರ ಕೈಯಲ್ಲಿ ಇಲ್ಲ ಅದು? ಬಂಡೆ ಒಡೆದು ಒಡೆದು ದೊಡ್ಡಪ್ಪನ ಬೆರಳತುದಿ ಒಣಗಿದ ಬೇರಿನ ಹಾಗೆ ಗಡುಸಾಗಿದೆ. ನ್ಯಾಯಬೆಲೆ ಅಂಗಡಿಯ ಯಂತ್ರವೂ ಆ ಬೆರಳನ್ನು ಒಪ್ಪದೆ ಎಷ್ಟೋ ತಿಂಗಳು ಅಕ್ಕಿ ತಡವಾಗಿದೆ. ಫೋನಿನ ಗಾಜೂ ಅದನ್ನು ಬೆರಳು ಅಂತ ಒಪ್ಪಲಿಲ್ಲ. ಒಪ್ಪಿದಾಗ ಬೇರೆಲ್ಲೋ ತಗುಲಿ ಹಾಡು ಶುರುವಾಗುತ್ತಿತ್ತು, ಯಾರಿಗೋ ಕರೆ ಹೋಗುತ್ತಿತ್ತು. ಅಂತೂ ಒಂದು ಪಟ ಬಂತು, ಎದುರುಮನೆ ಹುಡುಗಿಯದು. ನೋಡಿದರೆ ಅವಳೂ ಬೆಳ್ಳಗೆ! ಮುಖ ನುಣುಪು ಮಾಡುವ ‘ಬ್ಯೂಟಿ’ ಅನ್ನುವುದನ್ನು ಆ ಫೋನಿನಲ್ಲಿ ಮೊದಲೇ ಇಟ್ಟು ಮಾರಿದ್ದರು. ಸ್ಟುಡಿಯೋದವನು ಮಾಡಿದ ಕೆಲಸವನ್ನು ಇದು ಕೇಳದೆಯೇ, ಪುಕ್ಕಟೆಯಾಗಿ ಮಾಡುತ್ತಿತ್ತು. ದೊಡ್ಡಪ್ಪ ಫೋನನ್ನು ಮಗ್ಗುಲಿಗೆ ತಳ್ಳಿದ.

ಕ್ಯಾಮೆರಾಕ್ಕೂ ನಮ್ಮ ಬಣ್ಣಕ್ಕೂ ಇರುವ ಜಗಳ ನಿನ್ನೆಯದಲ್ಲ. ೧೯೫೦ರ ದಶಕದಿಂದ ಕೊಡಕ್ ಕಂಪನಿ ಫೋಟೋ ತೊಳೆಯುವ ಅಂಗಡಿಗಳಿಗೆ ಬಣ್ಣ ಸರಿಹೊಂದಿಸಿಕೊಳ್ಳಲು ಒಬ್ಬ ಬಿಳಿ ಹೆಂಗಸಿನ ಪಟ ಕಳಿಸುತ್ತಿತ್ತು. ‘ಶರ್ಲಿ ಕಾರ್ಡು’ ಅಂತ ಅದಕ್ಕೆ ಹೆಸರು. ಅವಳ ಚರ್ಮ ಸರಿಯಾಗಿ ಬಂದರೆ ಎಲ್ಲರದೂ ಸರಿ ಅಂತ ಲೆಕ್ಕ. ಕರಿಯರ ಮುಖ ಕಣ್ಣು ಹಲ್ಲು ಬಿಟ್ಟರೆ ಏನೂ ಕಾಣದಂತೆ ಬರುತ್ತಿತ್ತು. ಚಾಕಲೇಟು, ಮರದ ಮೇಜು ಕುರ್ಚಿ ಮಾರುವ ಕಂಪನಿಗಳು ತಮ್ಮ ಸರಕಿನ ಕಂದುಬಣ್ಣ ಸರಿ ಬರುತ್ತಿಲ್ಲ ಅಂತ ದೂರಿದ್ದೂ ಫಿಲ್ಮು ಸುಧಾರಿಸಲು ಒಂದು ಕಾರಣವಾಯಿತು. ಮನುಷ್ಯರ ಮುಖಕ್ಕಿಂತ ಮೇಜಿನ ಕಾಲಿಗೆ ಮರ್ಯಾದೆ. ಇನ್ನೊಂದು ಕಥೆ ೧೯೭೦ರದು. ಅಮೆರಿಕದ ಪೋಲರಾಯ್ಡ್ ಕಂಪನಿಯಲ್ಲಿ ಕೆಲಸಕ್ಕಿದ್ದ ಕರೊಲಿನ್ ಹಂಟರ್, ಕೆನ್ ವಿಲಿಯಮ್ಸ್ ಎಂಬ ಇಬ್ಬರು ಕರಿಯರು, ತಮ್ಮ ಕಂಪನಿಯ ಸಲಕರಣೆ ದಕ್ಷಿಣ ಆಫ್ರಿಕಾದಲ್ಲಿ ಕರಿಯರ ಪಾಸ್‌ಬುಕ್ಕಿಗೆ, ಅಂದರೆ ಅವರು ಎಲ್ಲಿ ಓಡಾಡಬಹುದು ಎಲ್ಲಿ ಕೂಡದು ಅಂತ ಕಟ್ಟಿಹಾಕುವ ಪುಸ್ತಕಕ್ಕೆ, ಪಟ ತೆಗೆಯಲು ಹೋಗುತ್ತಿದೆ ಅಂತ ಕಂಡುಹಿಡಿದು ಬೀದಿಗಿಳಿದರು. ಇಬ್ಬರೂ ಕೆಲಸ ಕಳೆದುಕೊಂಡರು. ಕಂಪನಿ ೧೯೭೭ರಲ್ಲಿ ಅಲ್ಲಿನ ವ್ಯಾಪಾರ ನಿಲ್ಲಿಸಿತು. ನಮ್ಮ ಕೇರಿಯವರ ಪಟ ಯಾವಾಗ ಯಾವಾಗ ತೆಗೆದರು ಅಂತ ಲೆಕ್ಕ ಹಾಕಿದೆವು. ರೇಷನ್ ಕಾರ್ಡು, ವೋಟಿನ ಚೀಟಿ, ಆಧಾರ್. ಪ್ರತಿಸಲವೂ ಕ್ಯಾಮೆರಾ ಆ ಕಡೆಯಿತ್ತು, ನಾವು ಈ ಕಡೆ, ಕಣ್ಣು ಮಿಟುಕಿಸಬಾರದು ಅಂತ ಗದರಿಸಿಕೊಂಡು.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಅಂಗಡಿ ಅಂಗಡಿ ತಿರುಗಿದೆವು. ಹೊಸ ಕ್ಯಾಮೆರಾಗಳ ಬೆಲೆ ಕೇಳಿ ಬಾಯಿ ಮುಚ್ಚಿಕೊಂಡೆವು. ತೆಗೆದ ಕೂಡಲೇ ಪಟ ಹೊರಗೆ ಬರುವ ಕ್ಯಾಮೆರಾ ಚೆನ್ನಾಗಿತ್ತು, ಆದರೆ ಒಂದೊಂದು ಪಟಕ್ಕೂ ಹೆಚ್ಚುಕಮ್ಮಿ ಐವತ್ತು ರೂಪಾಯಿ. ಕೈ ನಡುಗುವ ಮನುಷ್ಯನಿಗೆ ಹತ್ತರಲ್ಲಿ ಎಂಟು ಕೆಡುತ್ತವೆ, ಕೆಡಲು ಧೈರ್ಯವಿರಬೇಕು. ಎಲ್ಲಕ್ಕಿಂತ ದೊಡ್ಡ ತಕರಾರು ಒಂದಿತ್ತು. ನಾವು ನೋಡಿದ ಅಷ್ಟೂ ಕ್ಯಾಮೆರಾಗಳಿಗೆ ಗುಂಡಿ ಬಲಗಡೆಗೇ. “ಎಡಗೈಯಲ್ಲಿ ಒತ್ತೋದು ಇಲ್ವಾ?” ಅಂತ ಕೇಳಿದರೆ ಅಂಗಡಿಯವರು ನಕ್ಕರು. ಇಲ್ಲದ್ದಲ್ಲ. ಜರ್ಮನಿಯ ಹಳೆಯ ಎಕ್ಸಾಕ್ಟಾ ಕ್ಯಾಮೆರಾಕ್ಕೆ ಗುಂಡಿ ಎಡಗಡೆಯಿತ್ತು, ಎಂಬತ್ತರ ದಶಕದ ಕೊನೆಯಲ್ಲಿ ಯಾಶಿಕಾದವರು ಸಮುರಾಯ್ ಎಂಬುದನ್ನು ಎಡಗೈಯವರಿಗೆಂದೇ ಒಂದು ಮಾಡಿದ್ದರು. ಎರಡೂ ಫಿಲ್ಮಿನವು, ಎರಡೂ ಈಗ ಹಳೇ ಸಾಮಾನು ಕೂಡಿಡುವ ಶ್ರೀಮಂತರ ಪಾಲು. ಊರಿಗೆ ಬಂದು ಇದನ್ನು ಹೇಳಿದಾಗ ಮೂಲೆಮನೆ ಅಜ್ಜಿ ಎಲೆಅಡಿಕೆ ಉಗಿದು ಹೇಳಿದ್ದು: “ನಾವು ಹುಟ್ಟಾ ಎಡಗೈನೋರು ಬುಡ್ಲಾ ಮಗ. ಕ್ಯಾಮೆರಾ ಮಾಡ್ದೋರು ಬಲಗೈನೋರಾ?” ಎಡಗೈ ಬಲಗೈ ಅಂತ ನಮ್ಮ ನಮ್ಮಲ್ಲೇ ಇರುವ ಹಳೇ ಪಾಲು ಗೊತ್ತಿದ್ದವರೆಲ್ಲ ಹೊಟ್ಟೆ ಹಿಡಿದು ನಕ್ಕರು. ದೊಡ್ಡಪ್ಪನೂ ನಕ್ಕ, ಅರ್ಧ ಮುಖದಲ್ಲಿ.

ಕೊನೆಗೆ ಸಿಕ್ಕಿದ್ದು ಚಿಕ್ಕಪೇಟೆ ಕಡೆಯ ಸಂಡೆ ಬಜಾರಿನಲ್ಲಿ, ನೆಲದ ಮೇಲೆ ಹಾಸಿದ ಗೋಣಿತಾಟಿನ ಮೇಲೆ. ನಿಕಾನ್ ಕೂಲ್‌ಪಿಕ್ಸ್, ಸಾಬೂನಿನ ಡಬ್ಬಿಯಷ್ಟು ದೊಡ್ಡದು, ಎರಡು ಪೆನ್ಸಿಲ್ ಸೆಲ್ಲಿನದು. ಸಾವಿರದ ಎಂಟುನೂರು. ಯಾಕೆ ಅದನ್ನೇ ಆರಿಸಿದೆವು ಅಂದರೆ, ಬೇರೆ ಕ್ಯಾಮೆರಾಗಳ ಬ್ಯಾಟರಿ ಸತ್ತರೆ ಅದೇ ಕಂಪನಿಯದನ್ನು ಹುಡುಕಿಕೊಂಡು ಅಲೆಯಬೇಕು, ಇದರದ್ದು ಊರಿನ ಅಂಗಡಿಯಲ್ಲೂ ಸಿಗುತ್ತದೆ. (ಸಾದಾ ಸೆಲ್ ಗೋಡೆ ಗಡಿಯಾರಕ್ಕೆ ವರ್ಷ ಬರುತ್ತದೆ, ಇದಕ್ಕೆ ನಾಲ್ಕೈದು ಪಟಕ್ಕೇ ಸುಸ್ತು. ಚಾರ್ಜು ಮಾಡುವ ಸೆಲ್ಲೇ ಬೇಕು ಅಂತ ಆಮೇಲೆ ಕಲಿತೆವು.) ಗುಂಡಿ ಮಾತ್ರ ಇದಕ್ಕೂ ಬಲಗಡೆಗೇ. ಕೈ ಚಾಚಿ ಒತ್ತಬಹುದೇನೋ, ಮರದ ಗೂಟಕ್ಕೆ ಕಟ್ಟಿದರೆ ಹೇಗೆ, ಅಂತೆಲ್ಲ ಬಸ್ಸಿನುದ್ದಕ್ಕೂ ಯೋಚಿಸಿದೆವು.

ದೊಡ್ಡಪ್ಪ ಅದನ್ನು ಎಡಗೈಯಲ್ಲಿ ತೆಗೆದುಕೊಂಡ. ಈ ಕಡೆ ಆ ಕಡೆ ತಿರುಗಿಸಿದ. ತಲೆಕೆಳಗು ಮಾಡಿದ. ಗುಂಡಿ ಕೆಳಗೆ, ಎಡಗಡೆಗೆ ಬಂತು. ಹಿಡಿದುಕೊಳ್ಳಲು ಮಾಡಿದ ಉಬ್ಬು ಸರಿಯಾಗಿ ಅವನ ಬೆರಳಿಗೆ ಕೂತಿತು. ಹೆಬ್ಬೆರಳಿನಿಂದ ಕೆಳಗಿನಿಂದ ಮೇಲಕ್ಕೆ ಒತ್ತಿದ. ಟಕ್ ಅಂತು.

ನಾವು ಬಾಯಿಬಿಟ್ಟುಕೊಂಡು ನಿಂತೆವು. ಇದು ನಮಗೆ ಯಾಕೆ ಹೊಳೆಯಲಿಲ್ಲ? ಅಂಗಡಿಯಲ್ಲಿ ನಾವೂ ಒಮ್ಮೆ ತಿರುಗಿಸಿ ನೋಡಿದ್ದೆವು, ಆದರೆ ಪರದೆಯ ಮೇಲಿನ ಅಕ್ಷರ ತಲೆಕೆಳಗಾದವು ಅಂತ ಕೂಡಲೇ ನೆಟ್ಟಗೆ ಮಾಡಿಕೊಂಡಿದ್ದೆವು. ಅಕ್ಷರವಷ್ಟೇ ತಲೆಕೆಳಗು. ಎದುರಿನ ಜನ, ಮನೆ, ಮರ ಎಲ್ಲ ಪರದೆಯಲ್ಲಿ ನೆಟ್ಟಗೇ ಕಾಣುತ್ತವೆ, ಯಾಕೆಂದರೆ ಕಣ್ಣೂ ಪರದೆಯೂ ಒಟ್ಟಿಗೇ ತಿರುಗಿವೆ. ದೊಡ್ಡಪ್ಪನಿಗೆ ಓದು ಬಾರದು. ಅವನಿಗೆ ಅಡ್ಡ ಬರಲು ಅಲ್ಲಿ ಏನೂ ಇರಲಿಲ್ಲ.

ಉಳಿದದ್ದು ಸಣ್ಣಪುಟ್ಟ ರಿಪೇರಿ. ಅಕ್ಕ ಗುಂಡಿಗೆ ಕೆಂಪು ಉಗುರುಬಣ್ಣದ ಚುಕ್ಕೆಯಿಟ್ಟಳು, ಪಟ್ಟಿಯನ್ನು ಕೊರಳಿಗೆ ಬರುವಷ್ಟು ಉದ್ದ ಹೊಲಿದಳು. ಫ್ಲಾಶು ಆರಿಸಿದೆವು. ಬೆಳಕನ್ನು ಒಂದು ಮೆಟ್ಟಿಲು ಹೆಚ್ಚಿಗೆ ಇಟ್ಟೆವು. ಕ್ಯಾಮೆರಾ ತಾನೇ ಬೆಳಕು ಅಳೆಯುವಾಗ ಎದುರಿನದನ್ನೆಲ್ಲ ಒಂದು ನಡುಬೂದಿ ಬಣ್ಣದ ಲೆಕ್ಕಕ್ಕೆ ತರಲು ನೋಡುತ್ತದೆ. ಬಿಳಿ ಪಂಚೆ ಬಿಳಿ ಅಂಗಿ ತುಂಬಿಕೊಂಡಿದ್ದರೆ ಬೆಳಕು ಜಾಸ್ತಿಯಾಯಿತು ಅಂತ ತಿಳಿದು ಇಳಿಸುತ್ತದೆ, ನಡುವೆ ನಿಂತ ಕಪ್ಪು ಮುಖ ಕರಗಿಹೋಗುತ್ತದೆ. ಪಂಚಾಯ್ತಿಯ ಗ್ರೂಪ್ ಫೋಟೋಗಳಲ್ಲಿ ನಮ್ಮ ಮೆಂಬರುಗಳಿಗೆ ಮುಖವೇ ಇಲ್ಲದಿರುವುದು ಹೀಗೆ.

ಮೊದಲ ವಾರ ಬಂದವು ಆಡಿನ ಬಾಲ, ಸೂರಿನ ಹೆಂಚು, ತನ್ನದೇ ಕಾಲು. ಆಮೇಲೆ ಜನ ಬಂದರು. ಚಪ್ಪಲಿ ಹೊಲಿಯುವ ಮಾವ, ಬೀಡಿ ಹಚ್ಚುವ ಮೂಲೆಮನೆ ಅಜ್ಜಿ, ಬಾಣಂತಿ, ಸೂಟ್‌ಕೇಸ್ ಹಿಡಿದು ಬೆಂಗಳೂರಿನ ಬಸ್ಸಿಗೆ ಓಡುವ ಹುಡುಗರ ಬೆನ್ನು. ಯಾರೂ ತಲೆ ಬಾಚಿಕೊಳ್ಳಲು ಹೋಗಲಿಲ್ಲ. ಜಗಲಿಯ ಮೇಲೆ ಕೂತ ಮುದುಕನ ಮುಂದೆ ಏನು ನಾಚಿಕೆ? ನಾವು ಕೇರಿಯ ಮೇಲೆ ಇಪ್ಪತ್ತು ಮೂವತ್ತು ಪದ್ಯ ಬರೆದಿದ್ದೇವೆ, ಅದರಲ್ಲಿ ಬೆಂಕಿಯಿದೆ, ಕತ್ತಲೆಯಿದೆ, ಬೀಡಿ ಹಚ್ಚಿಕೊಂಡು ನಗುವ ಅಜ್ಜಿ ಒಂದರಲ್ಲೂ ಇಲ್ಲ.

ಕೋಲು ಹಿಡಿದು ಓಡಾಡುವಷ್ಟಾದ ಮೇಲೆ ದೊಡ್ಡಪ್ಪ ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಹೋದ. ಅಲ್ಲಿ ಊರಿನವರಿಗೆ ಸ್ಟೀಲ್ ಲೋಟ, ನಮಗೆ ಪ್ಲಾಸ್ಟಿಕ್ ಕಪ್ಪು. ಹಿಂದೆ ಬೇರೆ ಲೋಟವನ್ನು ಸೂರಿಗೆ ಸಿಕ್ಕಿಸಿಡುತ್ತಿದ್ದರು, ಈಗ ಕುಡಿದು ಎಸೆಯುವ ಕಪ್ಪು ಬಂದು ಕೆಲಸ ಸಲೀಸಾಗಿದೆ, ಕೇಳಿದರೆ ‘ಕ್ಲೀನು’ ಅನ್ನುತ್ತಾರೆ. ದೊಡ್ಡಪ್ಪ ತನ್ನ ಕಪ್ಪನ್ನು ಬೆಂಚಿನ ಮೇಲಿಟ್ಟು, ಹಿಂದೆ ಸಾಲಾಗಿ ಕವುಚಿಟ್ಟ ಸ್ಟೀಲ್ ಲೋಟಗಳೂ ಬರುವಂತೆ ಪಟ ತೆಗೆದ. ಹೋಟೆಲಿನವನು ಓಡಿಬಂದು “ಅಳಿಸೋ, ಯಾವನು ನಿಂಗೆ ಕ್ಯಾಮೆರಾ ಕೊಟ್ಟೋನು” ಅಂದ. ದೊಡ್ಡಪ್ಪ ಅವನದೂ ಒಂದು ತೆಗೆದ. ಬಾಯಿ ತೆರೆದು ಬೆರಳೆತ್ತಿ ನಿಂತಿರುವ ಆ ಪಟ ಅವನು ತೆಗೆದದ್ದರಲ್ಲೆಲ್ಲ ಸ್ಪಷ್ಟವಾಗಿದೆ.

ಅವತ್ತು ರಾತ್ರಿ ಕೇರಿಗೆ ನಿದ್ದೆಯಿಲ್ಲ. ಊರಿನ ನಾಲ್ಕು ಜನ ಬಂದು, ಮುದುಕನಿಗೆ ಬುದ್ಧಿ ನೆಟ್ಟಗಿಲ್ಲ, ಆ ಡಬ್ಬಿ ಇಸ್ಕಳ್ಳಿ ಅಂತ ಹೇಳಿ ಹೋದರು. ನಮ್ಮವರಲ್ಲೇ ಹಿರಿಯರು ಕೂಲಿ ತಪ್ಪುತ್ತದೆ ಅಂತ ಹೆದರಿದರು, ಹೆದರಿಕೆ ಸುಳ್ಳೂ ಅಲ್ಲ. ೧೯೮೯ರ ದೌರ್ಜನ್ಯ ತಡೆ ಕಾಯ್ದೆ ಇದೆ, ಕಂಪ್ಲೇಂಟ್ ಕೊಡೋಣ ಅಂತ ನಾವು ಅಂದೆವು. ನಮ್ಮ ದನಿಯೂ ಅಷ್ಟೇನು ಗಟ್ಟಿಯಿರಲಿಲ್ಲ. ಅಕ್ಕ ಕಾರ್ಡು ತೆಗೆದು ರಾಗಿ ಮಡಕೆಯಲ್ಲಿ ಹಾಕಿದಳು. ಕಂಪ್ಲೇಂಟಿನ ಸುದ್ದಿ ಹೇಗೋ ಹರಡಿ, ಎಂಟು ದಿನದಲ್ಲಿ ಹೋಟೆಲಿನವನು ಸ್ಟೀಲ್ ಲೋಟಗಳನ್ನೆಲ್ಲ ಒಳಗಿಟ್ಟು ಎಲ್ಲರಿಗೂ ಪೇಪರ್ ಕಪ್ಪು ಮಾಡಿದ. ಕೆಲವರು ಇದನ್ನು ಗೆಲುವು ಅಂದರು. ನಮ್ಮ ಜತೆ ಒಂದೇ ಲೋಟದಲ್ಲಿ ಕುಡಿಯುವುದಕ್ಕಿಂತ ಲೋಟವನ್ನೇ ಬಿಟ್ಟರಲ್ಲ, ಅದೆಂಥ ಗೆಲುವು ಅಂತ ನಮಗೆ ಅನ್ನಿಸಿತು. ದೊಡ್ಡಪ್ಪ ಹೋಗಿ ಪೇಪರ್ ಕಪ್ಪಿನದೂ ಒಂದು ತೆಗೆದುಕೊಂಡು ಬಂದ.

ದೀಪಾವಳಿಗೆ ಅಕ್ಕ ದುಡ್ಡು ಕೊಟ್ಟು ಅರವತ್ತೆರಡು ಪಟ ಪ್ರಿಂಟು ಹಾಕಿಸಿದಳು. ಸ್ಟುಡಿಯೋದ ಹುಡುಗ ಒಳ್ಳೆಯವನೇ. “ಸ್ವಲ್ಪ ಬ್ರೈಟ್ ಮಾಡ್ಲಾ ಸಾರ್, ಬಿಳಿ ಬರುತ್ತೆ” ಅಂದ. ಬೇಡ, ಹೇಗಿದೆಯೋ ಹಾಗೆ ಹಾಕಪ್ಪ ಅಂದೆವು. ತಾರೀಕು ಅಚ್ಚಾಗುವಂತೆ ಇಟ್ಟಿದ್ದೆವು. ಅದು ಎಲ್ಲ ಪಟಗಳಲ್ಲೂ ಮೇಲಿನ ಎಡಮೂಲೆಯಲ್ಲಿ ತಲೆಕೆಳಗಾಗಿ ಬಂದಿದೆ. ಯಾರ ಮನೆಯಲ್ಲಿ ನೋಡಿದರೂ ದೊಡ್ಡಪ್ಪ ತೆಗೆದದ್ದು ಅಂತ ಗೊತ್ತಾಗುತ್ತದೆ.

ಮೂಲೆಮನೆ ಅಜ್ಜಿ ಹೋದ ತಿಂಗಳು ತೀರಿಕೊಂಡಳು. ತಿಥಿಗೆ ಪಟ ಹುಡುಕುವ ಕೆಲಸ ಬೀಳಲಿಲ್ಲ. ಅವಳ ಮಗ, ಕೈಯಲ್ಲಿ ಬೀಡಿ ಇದೆಯಲ್ಲ, ಸೊಂಟದವರೆಗೆ ಕತ್ತರಿಸಿ ಕಟ್ಟು ಹಾಕಿಸೋಣ, ನೆಂಟರು ಬರ್ತಾರೆ ಅಂದ. ಗೋಡೆಗೊರಗಿ ಕೂತಿದ್ದ ದೊಡ್ಡಪ್ಪ ಅವನನ್ನು ಎಂಥ ಮಾತಲ್ಲಿ ಬೈದ ಅಂದರೆ ಅಳುತ್ತಿದ್ದ ಹೆಂಗಸರೂ ಸೆರಗು ಬಾಯಿಗಿಟ್ಟುಕೊಂಡು ನಕ್ಕರು. ಬೀಡಿ ಸಮೇತ ಕಟ್ಟು ಹಾಕಿಸಿದರು.