ಬಾವುಟಗುಡ್ಡೆಯ ಬಣ್ಣದ ಚಾಪೆಲ್

ಮಂಗಳೂರಿನ ಬಾವುಟಗುಡ್ಡೆಯಲ್ಲಿರುವ ಸಂತ ಅಲೋಶಿಯಸ್ ಚಾಪೆಲಿನೊಳಗೆ ಕಾಲಿಟ್ಟವರ ಕತ್ತು ತಾನಾಗಿ ಮೇಲೇಳುತ್ತದೆ. ಚಾವಣಿಯ ಚಿತ್ರಗಳಲ್ಲಿರುವುದು ಅಲೋಶಿಯಸ್ ಗೊನ್ಜಾಗನ ಬದುಕು. ಇಟಲಿಯ ಸಿರಿಮನೆತನವೊಂದರ ಹಿರಿಮಗ. ಮಗ ಸೈನಿಕನಾಗಬೇಕೆಂದು ತಂದೆಯ ಹಟ. ಮಗನಿಗೋ ದೇವರ ಕರೆ. 1585ರಲ್ಲಿ ತನ್ನ ಹಕ್ಕನ್ನೆಲ್ಲ ತಮ್ಮನಿಗೆ ಬಿಟ್ಟುಕೊಟ್ಟು ಜೆಸ್ವಿಟ್ ಸಭೆ ಸೇರಿದ. 1591ರಲ್ಲಿ ರೋಮಿನಲ್ಲಿ ರೋಗಿಗಳ ಆರೈಕೆ ಮಾಡುತ್ತ ಸೋಂಕು ತಗುಲಿ ತೀರಿಕೊಂಡಾಗ ವಯಸ್ಸು 23. ಹೊರಗಿನ ಅಂಗಳದಲ್ಲಿ ಹರಟುವ ಕಾಲೇಜು ಹುಡುಗರದೂ ಹೆಚ್ಚುಕಡಿಮೆ ಅದೇ ಪ್ರಾಯ!

ಚಿತ್ರಕಾರರ ಕತೆಯೂ ತೀರ ಬೇರೆಯಲ್ಲ. ಬೆರ್ಗಾಮೊ ಕಡೆಯ ಅಂತೋನಿಯೊ ಮೊಸ್ಕೆನಿ, ಕಲಾವಿದರಾಗಿದ್ದವರು, 1889ರಲ್ಲಿ ಜೆಸ್ವಿಟರಾದರು. ಪಾದ್ರಿಯಾಗಲಿಲ್ಲ, ಬರಿಯ ಸೋದರ. ಸಭೆ ಕಳಿಸಿದ್ದು ಮಂಗಳೂರಿಗೆ. ಇಲ್ಲಿನ ಸೆಕೆ, ಮಳೆಗಳ ನಡುವೆ ಗೋಡೆಯ ಹಸಿ ಗಾರೆಗೆ ಬಣ್ಣ ಹಚ್ಚಿದರು. ಗಾರೆ ಒಣಗುವ ಮೊದಲೇ ಮುಗಿಯಬೇಕಾದ ಕೆಲಸ. 1905ರಲ್ಲಿ ಕೊಚ್ಚಿಯಲ್ಲಿ ತೀರಿಕೊಂಡರು.