ಸಾಂತಾಕ್ರೂಜಿನಿಂದ ಎರಡು ದಾರಿ

ಸಾಂತಾಕ್ರೂಜ್ ಎಂದರೆ ಪೋರ್ಚುಗೀಸರ ಭಾಷೆಯಲ್ಲಿ ಪವಿತ್ರ ಶಿಲುಬೆ. ಹೆಸರೇ ಕಡಲಾಚೆಯದು. ಇಲ್ಲಿ ನೆಲೆಸಿದ ನಮ್ಮವರಾದರೂ ಎಲ್ಲಿಂದಲೋ ಬಂದವರೇ. ಸ್ಟೇಷನ್ನಿನ ಪೂರ್ವಕ್ಕೆ ಇಳಿದು ನಡೆದರೆ ಪ್ರಭಾತ್ ಕಾಲೊನಿಯಲ್ಲಿ ಪೇಜಾವರ ಮಠ, ಅತ್ತ ಬಿಲ್ಲವ ಭವನ, ಹೆದ್ದಾರಿ ದಾಟಿದರೆ ವಕೋಲದ ಮಾರುಕಟ್ಟೆ, ಇನ್ನೂ ಮುಂದೆ ಕಲೀನಾದ ವಿದ್ಯಾನಗರಿ. ಅಲ್ಲಿ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗವಿದೆ. ಈ ಒಂದೆರಡು ಮೈಲಿಯೊಳಗೆ ತುಳು, ಕನ್ನಡ, ಕೊಂಕಣಿ, ಮರಾಠಿ ಎಲ್ಲವೂ ಕಿವಿಗೆ ಬೀಳುತ್ತವೆ. ಇವೆಲ್ಲವನ್ನೂ ಮುಳುಗಿಸುವ ಸದ್ದು ಒಂದಿದೆ, ತಲೆಯ ಮೇಲಿನ ವಿಮಾನದ್ದು. 1991ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದ ಹೊಸತರಲ್ಲಿ ಆ ಸದ್ದಿಗೆ ಬೆಚ್ಚಿ ಬೀಳುತ್ತಿದ್ದೆ. ಆಮೇಲೆ ಅದು ಕೇಳಿಸುವುದೇ ನಿಂತಿತು. ಈ ವರ್ಷ ಮತ್ತೆ ಕೇಳಿಸತೊಡಗಿದೆ.

ಕಾರಣ ನಮ್ಮ ಮಗ. ಅವನು ಸಿವಿಲ್ ಇಂಜಿನಿಯರ್, ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಇಬ್ಬರೂ ಹೊರದೇಶಕ್ಕೆ ಹೋಗುವ ಮನಸ್ಸು ಮಾಡಿದ್ದಾರೆ. ಕೆನಡವೋ ಆಸ್ಟ್ರೇಲಿಯಾವೋ ಎಂಬುದೇ ಮನೆಯಲ್ಲಿ ರಾತ್ರಿ ಊಟದ ಹೊತ್ತಿನ ಚರ್ಚೆ. ನಿಮ್ಮಲ್ಲಿ ಅನೇಕರ ಮನೆಯಲ್ಲೂ ಇದೇ ಮಾತು ನಡೆಯುತ್ತಿರಬಹುದು ಎಂದು ನಾನು ತಿಳಿದುಕೊಂಡದ್ದನ್ನು ಬರೆಯುತ್ತಿದ್ದೇನೆ.

ಮೊದಲು ನಮ್ಮ ಮಾವನವರ ಕಥೆ ಹೇಳಬೇಕು. ಉಡುಪಿಯ ಕಡೆಯ ಹಳ್ಳಿಯಿಂದ ಹದಿನೈದರ ಪ್ರಾಯದಲ್ಲಿ ಹೊರಟವರು ಅವರು. ಮದರಾಸೋ ಮುಂಬಯಿಯೋ ಎಂಬುದು ಆಗಿನ ಪ್ರಶ್ನೆ. ಕೊಂಕಣ ರೈಲು ಪೂರ್ತಿಯಾಗಿ ಓಡಲು ಶುರುವಾದದ್ದು 1998ರಲ್ಲಿ. ಅವರ ಕಾಲದಲ್ಲಿ ಘಟ್ಟ ಹತ್ತಿ, ಬಸ್ಸು ರೈಲು ಬದಲಿಸುತ್ತ ಬರಬೇಕಿತ್ತು. ಮುಂಬಯಿಯನ್ನೇ ಏಕೆ ಆರಿಸಿದಿರಿ ಎಂದು ಒಮ್ಮೆ ಕೇಳಿದ್ದೆ. "ವಕೋಲದಲ್ಲಿ ಚಿಕ್ಕಪ್ಪ ಇದ್ದರು, ಮದರಾಸಿನಲ್ಲಿ ಯಾರೂ ಇರಲಿಲ್ಲ" ಎಂದರು. ಅಷ್ಟೇ ಲೆಕ್ಕ. ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಓದಿ ಅವರು ಕಟ್ಟಿದ ಬದುಕಿನ ಮೇಲೆಯೇ ನಾವೆಲ್ಲ ನಿಂತಿದ್ದೇವೆ.

ಮಗನ ಲೆಕ್ಕ ಇಷ್ಟು ಸರಳವಲ್ಲ. ಎರಡೂ ದೇಶಗಳು ಮನುಷ್ಯನನ್ನು ಅಂಕದಲ್ಲಿ ಅಳೆಯುತ್ತವೆ. ಕೆನಡ ಈ ಅಂಕಪದ್ಧತಿಯನ್ನು 1967ರಲ್ಲೇ ತಂದಿತು. 2015ರಿಂದ ಅಲ್ಲಿ ಎಕ್ಸ್‌ಪ್ರೆಸ್ ಎಂಟ್ರಿ ಎಂಬ ವ್ಯವಸ್ಥೆ ಇದೆ. ವಯಸ್ಸು, ಓದು, ಭಾಷೆ, ಅನುಭವ ಸೇರಿಸಿ 1200ಕ್ಕೆ ಅಂಕ ಕೊಟ್ಟು, ಹೆಚ್ಚು ಅಂಕದವರನ್ನು ಕರೆಯುತ್ತಾರೆ. ಯಾವುದಾದರೂ ಪ್ರಾಂತ್ಯ ನಾಮಕರಣ ಮಾಡಿದರೆ ಒಮ್ಮೆಗೇ 600 ಅಂಕ. ಉದ್ಯೋಗದ ಕರೆ ಕೈಯಲ್ಲಿದ್ದವರಿಗೆ ಸಿಗುತ್ತಿದ್ದ ಹೆಚ್ಚುವರಿ ಅಂಕಗಳನ್ನು 2025ರ ಮಾರ್ಚಿನಲ್ಲಿ ತೆಗೆದುಹಾಕಿದರು. ಆಸ್ಟ್ರೇಲಿಯಾದಲ್ಲಿ ಅರ್ಜಿಗೆ ಕನಿಷ್ಠ 65 ಅಂಕ ಬೇಕು, ಆದರೆ ಪೈಪೋಟಿಯಿಂದಾಗಿ ಕರೆ ಬರಲು ಅದಕ್ಕಿಂತ ಹೆಚ್ಚೇ ಬೇಕಾಗುತ್ತದೆ. ಅಲ್ಲಿ ರಾಜ್ಯ ಸರಕಾರ ಆರಿಸಿಕೊಂಡರೆ 5 ಅಂಕ, ದೊಡ್ಡ ನಗರಗಳನ್ನು ಬಿಟ್ಟು ಒಳಪ್ರದೇಶಕ್ಕೆ ಹೋಗಲು ಒಪ್ಪಿದರೆ 15 ಅಂಕ.

ವಯಸ್ಸಿನ ವಿಷಯದಲ್ಲಿ ಎರಡೂ ಕಠಿಣ. ಕೆನಡದಲ್ಲಿ 29 ದಾಟಿದ ಮೇಲೆ ಪ್ರತಿ ಹುಟ್ಟುಹಬ್ಬಕ್ಕೂ ಸ್ವಲ್ಪ ಸ್ವಲ್ಪ ಅಂಕ ಕಡಿತ. ಆಸ್ಟ್ರೇಲಿಯಾದಲ್ಲಿ 25ರಿಂದ 32ರವರೆಗೆ ಪೂರ್ತಿ 30 ಅಂಕ. 33 ತುಂಬಿದ ದಿನ ಅದು 25ಕ್ಕೆ ಇಳಿಯುತ್ತದೆ, ಲೆಕ್ಕಕ್ಕೆ ಬರುವುದು ಕರೆ ಬಂದ ದಿನದ ವಯಸ್ಸು. ನಮ್ಮ ಮಗನಿಗೆ ಈಗ 32. ಅವನ ಹುಟ್ಟುಹಬ್ಬಕ್ಕೆ ಪಾಯಸ ಮಾಡುತ್ತ ಬಂದ ನಾನು, ಈ ಸಲ ಅದು ತಡವಾಗಿ ಬರಲಿ ಎಂದು ಬಯಸುತ್ತಿದ್ದೇನೆ.

ಕೆಲಸದ ವಿಷಯದಲ್ಲಿ ವ್ಯತ್ಯಾಸ ದೊಡ್ಡದು. ಆಸ್ಟ್ರೇಲಿಯಾ ಬಾಗಿಲಲ್ಲೇ ನಿಲ್ಲಿಸಿ ಪರೀಕ್ಷಿಸುತ್ತದೆ. ಇಂಜಿನಿಯರಾದರೆ ಇಂಜಿನಿಯರ್ಸ್ ಆಸ್ಟ್ರೇಲಿಯಾ ಎಂಬ ಸಂಸ್ಥೆ ಅವನ ಓದು, ಮಾಡಿದ ಕೆಲಸಗಳ ವರದಿ ನೋಡಿ ಒಪ್ಪಬೇಕು, ಆಮೇಲೆ ಅರ್ಜಿ. ಕೆನಡ ಪದವಿಯ ಮೌಲ್ಯಮಾಪನ ನೋಡಿ ಒಳಗೆ ಬಿಡುತ್ತದೆ. ಆದರೆ ನರ್ಸ್ ಆಗಿ ದುಡಿಯಲು ಆಯಾ ಪ್ರಾಂತ್ಯದ ಪರವಾನಗಿ ಪಡೆಯಬೇಕು, ಅದು ಸಿಗುವವರೆಗೆ ಬೇರೇನಾದರೂ ಮಾಡಬೇಕು. 2023ರಿಂದ ಕೆನಡ ಆರೋಗ್ಯ ಕ್ಷೇತ್ರದವರನ್ನು ಬೇರೆಯಾಗಿಯೂ ಕರೆಯುತ್ತಿದೆ. ಹಾಗಾಗಿ ಸೊಸೆಗೆ ಕೆನಡ ಹತ್ತಿರ, ಮಗನಿಗೆ ಆಸ್ಟ್ರೇಲಿಯಾ. ಆದರೆ 2024ರ ಅಕ್ಟೋಬರಿನಲ್ಲಿ ಕೆನಡ ಸರಕಾರ 2025ಕ್ಕೆ ಎಂದುಕೊಂಡಿದ್ದ 5,00,000 ಕಾಯಂ ನಿವಾಸಿಗಳ ಗುರಿಯನ್ನು 3,95,000ಕ್ಕೆ ಇಳಿಸಿತು. ಮನೆ ಬಾಡಿಗೆಯ ಬಿಸಿ, ಜನರ ಅಸಮಾಧಾನ ಇದಕ್ಕೆ ಕಾರಣ.

ಇಂಗ್ಲಿಷ್ ಪರೀಕ್ಷೆ ಎರಡಕ್ಕೂ ಬೇಕು. ಬಿ.ಎ.ಯಲ್ಲಿ ಇಂಗ್ಲಿಷ್ ಓದಿದವಳೆಂದು ಮಗನಿಗೆ ಪ್ರಬಂಧ ಬರೆಸುವ ಕೆಲಸ ನನಗೆ ಬಂತು. ಆಗ ಹಳೆಯ ಸಂಗತಿಯೊಂದನ್ನು ಅವನಿಗೆ ಹೇಳಿದೆ. 1901ರ ಕಾನೂನಿನಂತೆ ಆಸ್ಟ್ರೇಲಿಯಾ, ಬೇಡದವರಿಗೆ ಯಾವುದಾದರೂ ಯುರೋಪಿಯನ್ ಭಾಷೆಯಲ್ಲಿ ಉಕ್ತಲೇಖನ ಕೊಟ್ಟು ನಪಾಸು ಮಾಡಿ ಕಳಿಸುತ್ತಿತ್ತು. ಬಣ್ಣ ನೋಡುವ ಆ ನೀತಿ ಪೂರ್ತಿ ಹೋದದ್ದು 1973ರಲ್ಲಿ. ಕೆನಡ 1914ರಲ್ಲಿ ಕೊಮಗಾಟ ಮಾರು ಹಡಗಿನಲ್ಲಿ ಬಂದ 376 ಭಾರತೀಯರಲ್ಲಿ ಬಹುತೇಕರನ್ನು ವ್ಯಾಂಕೂವರಿನಲ್ಲಿ ಇಳಿಯಗೊಡದೆ ಹಿಂದಟ್ಟಿತು. ಅದಕ್ಕೆ ಅಲ್ಲಿನ ಪ್ರಧಾನಿ ಪಾರ್ಲಿಮೆಂಟಿನಲ್ಲಿ ಕ್ಷಮೆ ಕೇಳಿದ್ದು 2016ರಲ್ಲಿ. ಅವರ ಬಾಗಿಲು ತೆರೆಯುವುದೂ ಮುಚ್ಚುವುದೂ ಅವರ ಅಗತ್ಯದಂತೆ ಎಂಬುದು ನಿಮಗೆ ತಿಳಿದಿರಬೇಕು.

ಒಂದು ಭಾನುವಾರ ಮಠದಲ್ಲಿ ಕೈಮುಗಿದು ಹೊರಬರುವಾಗ ಮಗ ಕೇಳಿದ: "ಅಮ್ಮ, ನಿಮ್ಮಿಬ್ಬರನ್ನು ಕರೆಸಿಕೊಳ್ಳಲು ಎಲ್ಲಿ ಸುಲಭ ಅಂತ ನೋಡಿದೆ." ಅವನು ಅದನ್ನೂ ಬರೆದಿಟ್ಟಿದ್ದ. ಕೆನಡದಲ್ಲಿ ತಂದೆತಾಯಿಗೆ ಸೂಪರ್ ವೀಸಾ ಇದೆ, 2022ರಿಂದ ಒಂದು ಸಲಕ್ಕೆ 5 ವರ್ಷ ಇರಬಹುದು, ಆರೋಗ್ಯ ವಿಮೆ ಮಾಡಿಸಬೇಕು. ಆಸ್ಟ್ರೇಲಿಯಾದಲ್ಲಿ ಕಾಯಂ ಆಗಿ ಹೋಗಲು ಸಾಮಾನ್ಯವಾಗಿ ಮಕ್ಕಳಲ್ಲಿ ಅರ್ಧದಷ್ಟಾದರೂ ಅಲ್ಲಿರಬೇಕು. ಅಗ್ಗದ ಸಾಲಿನಲ್ಲಿ ನಿಂತರೆ 30 ವರ್ಷಕ್ಕೂ ಮಿಕ್ಕಿ ಕಾಯಬೇಕು, ದುಬಾರಿ ಸಾಲಿಗೆ ಲಕ್ಷಗಟ್ಟಲೆ ರೂಪಾಯಿ. 2019ರಿಂದ 3 ಅಥವಾ 5 ವರ್ಷದ ತಾತ್ಕಾಲಿಕ ವೀಸಾ ಕೊಡುತ್ತಾರೆ, ಅದೂ ಒಟ್ಟು 10 ವರ್ಷದವರೆಗೆ.

"ನಿಮಗೋಸ್ಕರ ಕೆನಡವೇ ಆಗಬಹುದಾ?" ಎಂದ. ನನಗೆ ತಟ್ಟನೆ ಉತ್ತರ ಬರಲಿಲ್ಲ. ಬೇಡ ಎಂದರೆ ಸುಳ್ಳಾಗುತ್ತಿತ್ತು, ಹೌದು ಎಂದರೆ ಅವನ ಕೆಲಸಕ್ಕೆ ನಾನೇ ಅಡ್ಡ ನಿಂತಂತೆ. ಇವರು ಹಿಂದಿನಿಂದ ಬಂದು, "ನನ್ನಪ್ಪ ಊರು ಬಿಡುವಾಗ ಅಜ್ಜ ಅಜ್ಜಿಯನ್ನು ಲೆಕ್ಕಕ್ಕೆ ಹಿಡಿದಿದ್ದರೆ ಇಲ್ಲಿಗೆ ಬರುತ್ತಲೇ ಇರಲಿಲ್ಲ. ವರ್ಷಕ್ಕೊಮ್ಮೆ ಹೋಗಿ ನೋಡಿಕೊಂಡು ಬರುತ್ತಿದ್ದರು. ನೀನೂ ಬಾ" ಎಂದರು. ಅಜ್ಜಿ ಎಷ್ಟು ವರ್ಷ ಆ ಬರವಿಗೆ ಕಾದಳೆಂದು ನಮ್ಮ ಮನೆಯಲ್ಲಿ ಯಾರೂ ಲೆಕ್ಕ ಇಟ್ಟಿಲ್ಲ. ಅದನ್ನು ನಾನು ಆಗ ಹೇಳಲಿಲ್ಲ.

ಕೊನೆಗೆ ಸೊಸೆಯೇ ದಾರಿ ತೋರಿಸಿದಳು. "ಅತ್ತೆ, ಅಲ್ಲಿ ಹೋಗಿ ಪರವಾನಗಿಗೆ ಕಾಯುವುದಕ್ಕಿಂತ ಇಲ್ಲಿಯೇ ಸಂಬಳ ತರುತ್ತ ಕಾಯುವುದು ಲೇಸು" ಎಂದಳು. ಆಸ್ಟ್ರೇಲಿಯಾದಲ್ಲಿ ಕೆಲಸದ ಯೋಗ್ಯತೆ ಇಲ್ಲಿದ್ದಾಗಲೇ ತೀರ್ಮಾನವಾಗುತ್ತದೆ ಎಂಬುದು ಅವಳ ವಾದ. ಮೆಲ್ಬರ್ನಿನಲ್ಲಿ ಅವಳ ದೊಡ್ಡಮ್ಮನ ಮಗಳಿದ್ದಾಳೆ, ಕನ್ನಡ ಸಂಘವೂ ಇದೆ. ಮಾವನವರ ವಕೋಲದ ಚಿಕ್ಕಪ್ಪ ನೆನಪಾದರು. ನಮ್ಮ ರಾತ್ರಿ ಊಟದ ಹೊತ್ತಿಗೆ ಟೊರೊಂಟೊದಲ್ಲಿ ಬೆಳಗಿನ ಗಡಿಬಿಡಿ, ಮೆಲ್ಬರ್ನಿನಲ್ಲಿ ನಡುರಾತ್ರಿ. ಆದರೆ ನಮ್ಮ ಮಧ್ಯಾಹ್ನದ ಚಹಾದ ಹೊತ್ತಿಗೆ ಅಲ್ಲಿ ರಾತ್ರಿಯ ಬಿಡುವು. ಫೋನಿನಲ್ಲಿ ಮಾತಾಡಲು ಅಷ್ಟು ಸಾಕು.

ನಿಮಗೆ ಎರಡು ಮಾತು. ಏಜೆಂಟರ ಬಾಯಿಮಾತಿಗೆ ದುಡ್ಡು ಕೊಡಬೇಡಿ. ನಮ್ಮಿಂದಲೂ ಒಬ್ಬರು "ಉದ್ಯೋಗದ ಕರೆ ಕೊಡಿಸುತ್ತೇನೆ" ಎಂದು ಮುಂಗಡ ತೆಗೆದುಕೊಂಡು ಮತ್ತೆ ಮುಖ ತೋರಿಸಲಿಲ್ಲ. ಸರಕಾರಿ ನಿಯಮಗಳನ್ನು ನೀವೇ ಓದಿ, ಅವು ಆಗಾಗ ಬದಲಾಗುತ್ತವೆ. ಇನ್ನೊಂದು, ತಂದೆತಾಯಿಯ ಮಾತನ್ನು ಕೊನೆಯ ರಾತ್ರಿಗೆ ಇಟ್ಟುಕೊಳ್ಳದೆ ಮೊದಲೇ ಆಡಿ. ನಮ್ಮ ಮಗ ಕೇಳಿದನಲ್ಲ, ಆ ಪ್ರಶ್ನೆಯಿಂದಲೇ ನನ್ನ ಅರ್ಧ ಭಾರ ಇಳಿಯಿತು.

ಕಾಗದಪತ್ರಗಳು ಮೌಲ್ಯಮಾಪನಕ್ಕೆ ಹೋಗಿವೆ. ಹುಟ್ಟುಹಬ್ಬಕ್ಕೆ ಇನ್ನು ನಾಲ್ಕು ತಿಂಗಳಿದೆ. ಕರೆ ಅದಕ್ಕೆ ಮುಂಚೆ ಬಂದರೂ ಬರದಿದ್ದರೂ ಆ ದಿನ ಪಾಯಸವಂತೂ ಮಾಡುತ್ತೇನೆ.